ಅಭಯದಾನವೋ, ಪರಿಗ್ರಹವೋ?

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವು ನಾಲ್ಕು ವಿಧವೆಂಬುದನ್ನು ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳೂ ಬಲ್ಲರು. ಮೊದಲಿನ ಮೂರಕ್ಕೆ ನಮ್ಮ ಬಸದಿಗಳ ಟ್ರಸ್ಟುಗಳಲ್ಲಿ ಪ್ರತ್ಯೇಕ ಖಾತೆಗಳಿರುತ್ತವೆ; ಅವುಗಳ ಜಮಾಖರ್ಚು ವರ್ಷಕ್ಕೊಮ್ಮೆ ಸಭೆಯ ಮುಂದೆ ಬರುತ್ತದೆ. ನಾಲ್ಕನೆಯದಾದ ಅಭಯದಾನವು ಬಹುಮಟ್ಟಿಗೆ ಗೋಶಾಲೆಯ ಮೇವಿನ ಬಾಬ್ತಿನಲ್ಲಿಯೇ ಮುಗಿದುಹೋಗುತ್ತದೆ. ಯಾರ ಕೊಟ್ಟಿಗೆಗೂ ಸೇರದ ಕಾಡಿನ ಜೀವಕ್ಕೆ ಅಭಯವನ್ನು ಕೊಡುವುದು ಹೇಗೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ.

ಕಳೆದ ವರ್ಷ ನಮ್ಮ ಭಾಗದ ಒಂದು ಟ್ರಸ್ಟಿನ ಸಭೆಯಲ್ಲಿ ಈ ಪ್ರಶ್ನೆ ಅನಿರೀಕ್ಷಿತವಾಗಿ ಎದ್ದಿತು. ದಾನಿಗಳೊಬ್ಬರು, ಟ್ರಸ್ಟಿಗೆ ಸೇರಿದ ಮರಡಿ ಭೂಮಿಗೆ ಸುತ್ತಲೂ ತಂತಿಬೇಲಿ ಹಾಕಿಸಿ, ಜಿಂಕೆ ನವಿಲುಗಳನ್ನು ತಂದು ಬಿಟ್ಟು, ತಮ್ಮ ತೀರ್ಥರೂಪರ ಹೆಸರಿನಲ್ಲಿ ಒಂದು 'ಅಭಯವನ'ವನ್ನು ನಿರ್ಮಿಸೋಣವೆಂದರು. ಯಾತ್ರಿಕರಿಗೆ ಪ್ರವೇಶ ಶುಲ್ಕವಿಟ್ಟರೆ ಖರ್ಚು ತಾನಾಗಿಯೇ ಹೊರಡುತ್ತದೆ ಎಂದೂ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಜಿಂಕೆಯನ್ನು ಖಾಸಗಿಯಾಗಿ ಇಟ್ಟುಕೊಳ್ಳಲು ಕಾನೂನು ಒಪ್ಪುವುದಿಲ್ಲವೆಂದು ವಕೀಲ ಬಂಧುವೊಬ್ಬರು ನೆನಪಿಸಿದ್ದರಿಂದ ವಿಷಯವು ಮುಂದಿನ ಸಭೆಗೆ ಹೋಯಿತು. ಕಾನೂನು ಒಪ್ಪದಿದ್ದುದರಿಂದ ನಿಂತ ಕೆಲಸವು ಧರ್ಮಕ್ಕೆ ಒಪ್ಪಿಗೆಯಾಗುವಂಥದೋ ಅಲ್ಲವೋ ಎಂಬುದು ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು. ಈ ನಡುವೆ ಬೆಂಗಳೂರಿನಲ್ಲಿರುವ ನನ್ನ ಸೋದರಳಿಯನು ಒಂದು ಇಂಗ್ಲಿಷ್ ಪುಸ್ತಕವನ್ನು ತಂದುಕೊಟ್ಟನು. ಅದನ್ನು ಓದಿ ಮುಗಿಸಿದ ಮೇಲೆ ನನಗೆ ತೋರಿದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಪುಸ್ತಕದ ಹೆಸರು 'ಆ್ಯನ್ ಎಲಿಫೆಂಟ್ ಇನ್ ಮೈ ಕಿಚನ್', ಅಂದರೆ 'ನನ್ನ ಅಡುಗೆಮನೆಯಲ್ಲಿ ಆನೆ'. 2018ರಲ್ಲಿ ಪ್ರಕಟವಾದ ಇದರ ಲೇಖಕಿ, ಫ್ರಾನ್ಸ್ ದೇಶದಲ್ಲಿ ಹುಟ್ಟಿ ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ ಫ್ರಾಂಸ್ವಾಜ್ ಮಾಲ್ಬಿ-ಆಂಟನಿ. ಇವರ ಪತಿ ಲಾರೆನ್ಸ್ ಆಂಟನಿಯವರು ಜುಲು ಜನರ ನಾಡಿನಲ್ಲಿ ಥುಲಾ ಥುಲಾ ಎಂಬ ಖಾಸಗಿ ವನ್ಯಧಾಮವನ್ನು ಕೊಂಡು, ಅಲ್ಲಿ ಬೇಟೆಯನ್ನು ನಿಲ್ಲಿಸಿ, 1999ರಲ್ಲಿ ಬೇರೆಡೆ ಗುಂಡಿಗೆ ಗುರಿಯಾಗಲಿದ್ದ ಆನೆಗಳ ಹಿಂಡೊಂದಕ್ಕೆ ಆಶ್ರಯ ಕೊಟ್ಟವರು. 2012ರಲ್ಲಿ ಅವರು ತೀರಿಕೊಂಡ ಬಳಿಕ ಆ ಧಾಮದ ಹೊರೆಯನ್ನೆಲ್ಲ ಹೊತ್ತವರು ಈ ಮಹಿಳೆ. ಅವರು ಅಲ್ಲಿ ಖಡ್ಗಮೃಗದ ತಬ್ಬಲಿ ಮರಿಗಳಿಗಾಗಿ ಒಂದು ಪಾಲನಾಲಯವನ್ನೂ ತೆರೆದರು.

ಖಡ್ಗಮೃಗವು ನಮಗೆ ಅಪರಿಚಿತವಲ್ಲ. ಹನ್ನೊಂದನೆಯ ತೀರ್ಥಂಕರರಾದ ಶ್ರೇಯಾಂಸನಾಥರ ಲಾಂಛನವದು. ಒಬ್ಬಂಟಿಯಾಗಿ ವಿಹರಿಸುವ ಮುನಿಯನ್ನು ಅದರ ಒಂಟಿ ಕೊಂಬಿಗೆ ಹೋಲಿಸುವುದು ಶ್ರಮಣ ಪರಂಪರೆಯ ಹಳೆಯ ರೂಢಿ. ಆದರೆ ಪೀಠದ ಮೇಲೆ ಕೆತ್ತಿದ ಆ ಪ್ರಾಣಿಗೆ ಲೋಕದಲ್ಲಿ ಏನಾಗುತ್ತಿದೆ ಎಂಬುದನ್ನು ನಾವು ವಿಚಾರಿಸಿದವರಲ್ಲ. ಕೊಂಬಿನಲ್ಲಿ ಔಷಧಗುಣವಿದೆಯೆಂಬ ನಂಬಿಕೆಯಿಂದ, ವೈಭವದ ವಸ್ತುವೆಂಬ ಹಂಬಲದಿಂದ ಪೂರ್ವದೇಶಗಳ ಸಿರಿವಂತರು ಅದಕ್ಕೆ ಅಪಾರ ಹಣ ತೆರುತ್ತಾರೆ. ಕೊಂಬು ನಮ್ಮ ಉಗುರಿನಂಥದೇ ಪದಾರ್ಥ. ದಕ್ಷಿಣ ಆಫ್ರಿಕದಲ್ಲಿ 2007ರಲ್ಲಿ ಕಳ್ಳಬೇಟೆಗೆ ಬಲಿಯಾದ ಖಡ್ಗಮೃಗಗಳು 13, 2014ರಲ್ಲಿ 1,215.

2017ರ ಫೆಬ್ರವರಿಯಲ್ಲಿ ಒಂದು ರಾತ್ರಿ ಶಸ್ತ್ರಧಾರಿಗಳು ಥುಲಾ ಥುಲಾದ ಆ ಪಾಲನಾಲಯಕ್ಕೆ ನುಗ್ಗಿ, ಸೇವಕರನ್ನು ಸೆರೆಹಿಡಿದು ಹಿಂಸಿಸಿ, ಗುಗು ಮತ್ತು ಇಂಪಿ ಎಂಬ ಎರಡು ಎಳೆಯ ಖಡ್ಗಮೃಗಗಳ ಕೊಂಬುಗಳನ್ನು ಕೊಯ್ದುಕೊಂಡು ಹೋದರು. ಒಂದು ಸ್ಥಳದಲ್ಲಿಯೇ ಸತ್ತಿತು. ಇನ್ನೊಂದು ಕೊಂಬು ಕೊಯ್ದ ಮೇಲೂ ಜೀವದಿಂದಿತ್ತು. ಬದುಕಿಸಲಾಗದೆ ವೈದ್ಯರೇ ಅದರ ಪ್ರಾಣವನ್ನು ತೆಗೆಯಬೇಕಾಯಿತು. ಪುಸ್ತಕದ ಈ ಭಾಗವನ್ನು ನಾನು ಒಂದೇ ಸಲಕ್ಕೆ ಓದಲಾರದೆ ಹೋದೆ. ಇಲ್ಲಿ ಲೇಖಕಿ ಅಲಂಕಾರಕ್ಕೆ ಕೈಹಾಕುವುದಿಲ್ಲ. ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಮರಿಗಳ ಬಗ್ಗೆ ತಾಯಿಯೊಬ್ಬಳು ಹೇಗೆ ಹೇಳುವಳೋ ಹಾಗೆ ಹೇಳುತ್ತಾರೆ. ಜೀವದಯೆಯ ಬಗ್ಗೆ ನಮ್ಮಲ್ಲಿ ಪ್ರಕಟವಾಗುವ ಎಷ್ಟೋ ಉಪದೇಶ ಲೇಖನಗಳಿಗಿಂತ ಈ ಕೆಲವು ಪುಟಗಳು ಹೆಚ್ಚು ಕೆಲಸ ಮಾಡುತ್ತವೆ. ಇದು ಈ ಗ್ರಂಥದ ದೊಡ್ಡ ಗುಣ.

ಆದರೆ ಗುಣವನ್ನು ಹೇಳಿ ನಿಲ್ಲಿಸಿದರೆ ವಿಮರ್ಶೆ ಪೂರ್ಣವಾಗುವುದಿಲ್ಲ. ಈ ಪುಸ್ತಕದಲ್ಲಿ ಪ್ರೀತಿಯಿದೆ, ಲೆಕ್ಕವಿಲ್ಲ. ಬಿ.ಕಾಂ. ಓದಿ ನಲವತ್ತು ವರ್ಷ ಗಲ್ಲೆಯ ಮೇಲೆ ಕುಳಿತವನ ಕಣ್ಣಿಗೆ ಈ ಕೊರತೆ ಮೊದಲು ಬಿದ್ದರೆ ಆಶ್ಚರ್ಯವಿಲ್ಲ. ಹಣದ ಅಡಚಣೆಯ ಪ್ರಸ್ತಾಪವೇನೋ ಬರುತ್ತದೆ. ಆದರೆ ಅದು ಲೇಖಕಿಯ ಕಷ್ಟವಾಗಿ ಬರುತ್ತದೆಯೇ ಹೊರತು, ಇಡೀ ವ್ಯವಸ್ಥೆಯನ್ನು ಕುರಿತ ಪ್ರಶ್ನೆಯಾಗಿ ಬರುವುದಿಲ್ಲ. ಆ ದೇಶದಲ್ಲಿ ಇಂಥ ಸ್ಥಳವನ್ನು 'ಗೇಮ್ ರಿಸರ್ವ್' ಎನ್ನುತ್ತಾರೆ. 'ಗೇಮ್' ಎಂದರೆ ಬೇಟೆಗೆ ಒದಗುವ ಪ್ರಾಣಿ. ಹೆಸರಿನಲ್ಲಿಯೇ ಹಳೆಯ ಉದ್ದೇಶ ಕುಳಿತಿದೆ. ಅಲ್ಲಿಯ 1991ರ ಒಂದು ಕಾನೂನಿನಂತೆ, ತಕ್ಕ ಬೇಲಿಯನ್ನು ಹಾಕಿಕೊಂಡ ಭೂಮಾಲೀಕನಿಗೆ ಒಳಗಿರುವ ಕಾಡುಪ್ರಾಣಿಗಳ ಒಡೆತನ ಸಲ್ಲುತ್ತದೆ. ಒಡೆತನ ಬಂದ ಮೇಲೆ ಮಾರಾಟ ಬಂತು, ಹರಾಜು ಬಂತು, ಎಷ್ಟೋ ಧಾಮಗಳಲ್ಲಿ ಹಣ ತೆತ್ತು ಬೇಟೆಯಾಡುವುದೂ ಬಂತು. ನಮ್ಮ ದೇಶದಲ್ಲಿ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇರುವಲ್ಲಿ, ಬೇಲಿ ಹಾಕಿದ ಮಾತ್ರಕ್ಕೆ ಕಾಡುಪ್ರಾಣಿ ಯಾರ ಸ್ವತ್ತೂ ಆಗದು.

ಎದುರು ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ದಕ್ಷಿಣ ಆಫ್ರಿಕದ ಬಿಳಿ ಖಡ್ಗಮೃಗಗಳು ನೂರರ ಒಳಗೆ ಇಳಿದಿದ್ದವು. 1960ರ ದಶಕದಲ್ಲಿ ಇಯಾನ್ ಪ್ಲೇಯರ್ ಮತ್ತು ಅವರ ಸಂಗಡಿಗರು ಉಳಿದ ಸಂತತಿಯನ್ನು ಹಿಡಿದು ಬೇರೆಬೇರೆ ಕಡೆಗೆ ಕಳುಹಿಸಿದರು. ಖಾಸಗಿ ಭೂಮಾಲೀಕರೂ ಅವನ್ನು ಸಾಕಿ ಬೆಳೆಸಿದರು. 2012ರ ಹೊತ್ತಿಗೆ ಅವುಗಳ ಸಂಖ್ಯೆ ಸುಮಾರು 21,000ಕ್ಕೆ ಏರಿತ್ತು. ಒಡೆತನದ ಆಸೆಯಿಲ್ಲದಿದ್ದರೆ ಅಷ್ಟು ಜನ ಅಷ್ಟು ಭೂಮಿಯನ್ನು ಬಿಡುತ್ತಿದ್ದರೇ ಎಂಬ ವಾದವನ್ನು ತಳ್ಳಿಹಾಕಲಾಗದು.

ಆ ವಾದ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಅದೇ ದೇಶದ ಇನ್ನೊಂದು ಪ್ರಸಂಗ ತೋರಿಸುತ್ತದೆ. ಜಾನ್ ಹ್ಯೂಮ್ ಎಂಬ ಉದ್ಯಮಿ ಸುಮಾರು 2,000 ಖಡ್ಗಮೃಗಗಳನ್ನು ಸಾಕಿದ್ದರು; ಜಗತ್ತಿನಲ್ಲಿ ಅಂಥ ದೊಡ್ಡ ಖಾಸಗಿ ಹಿಂಡು ಬೇರೆ ಇರಲಿಲ್ಲ. ಅವರ ಲೆಕ್ಕ ಹೀಗಿತ್ತು: ಕೊಂಬನ್ನು ನೋವಾಗದಂತೆ ಕತ್ತರಿಸಬಹುದು, ಅದು ಮತ್ತೆ ಬೆಳೆಯುತ್ತದೆ, ಕತ್ತರಿಸಿದ್ದನ್ನು ಮಾರಿದರೆ ಕಾವಲಿನ ಖರ್ಚು ಹುಟ್ಟುತ್ತದೆ. ಆದರೆ ಖಡ್ಗಮೃಗದ ಕೊಂಬಿನ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1977ರಿಂದ ನಿಷೇಧವಿದೆ. 2017ರಲ್ಲಿ ದೇಶದೊಳಗಿನ ಮಾರಾಟಕ್ಕೆ ನ್ಯಾಯಾಲಯದ ಅನುಮತಿ ದೊರೆತರೂ ಎಣಿಸಿದ ಗಿರಾಕಿಗಳು ಬರಲಿಲ್ಲ. ದಾಸ್ತಾನು ಬೆಳೆಯಿತು, ಕಾವಲಿನ ಖರ್ಚೂ ಬೆಳೆಯಿತು. 2023ರ ಏಪ್ರಿಲ್‌ನಲ್ಲಿ ಇಡೀ ಧಾಮವನ್ನು ಪ್ರಾಣಿಗಳ ಸಮೇತ ಹರಾಜಿಗಿಟ್ಟಾಗ ಒಬ್ಬನೂ ಸವಾಲು ಕೂಗಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ 'ಆಫ್ರಿಕನ್ ಪಾರ್ಕ್ಸ್' ಎಂಬ ಧರ್ಮಾರ್ಥ ಸಂಸ್ಥೆ ಅದನ್ನು ಕೊಂಡು, ಹತ್ತು ವರ್ಷಗಳಲ್ಲಿ ಅಷ್ಟೂ ಪ್ರಾಣಿಗಳನ್ನು ಕಾಡಿಗೆ ಬಿಡುವುದಾಗಿ ಸಾರಿತು.

ಗಿರಾಕಿಯಿಲ್ಲದ ದಾಸ್ತಾನು ಎಂದರೇನೆಂಬುದು ವರ್ತಕರಾದ ನಮಗೆ ಗೊತ್ತು. ಭತ್ತದ ಧಾರಣೆ ಬಿದ್ದ ವರ್ಷ ಗೋದಾಮಿನ ಚೀಲಗಳನ್ನು ಸಿಕ್ಕಿದ ಬೆಲೆಗೆ ಸಾಗಿಸಿ ಕೈ ತೊಳೆದುಕೊಳ್ಳುತ್ತೇವೆ. ಅಲ್ಲಿ ಗೋದಾಮಿನಲ್ಲಿದ್ದದ್ದು ಉಸಿರಾಡುವ ಎರಡು ಸಾವಿರ ಜೀವಗಳು. ಅಢಾವೆ ಪತ್ರಿಕೆಯ ಸ್ವತ್ತಿನ ಕಡೆಯಲ್ಲಿ ಬರೆದ ಜೀವವು, ಧಾರಣೆ ಬಿದ್ದ ದಿನ ಹೊಣೆಯ ಕಡೆಗೆ ಹೋಗಿ ಕುಳಿತುಕೊಳ್ಳುತ್ತದೆ. ಪೇಟೆ ಕೊಟ್ಟ ಅಭಯವನ್ನು ಪೇಟೆಯೇ ಹಿಂದಕ್ಕೆ ಪಡೆಯುತ್ತದೆ. ಆ ಪ್ರಾಣಿಗಳನ್ನು ಕೊನೆಗೆ ಉಳಿಸಿದ್ದು ಲಾಭದ ಲೆಕ್ಕವಲ್ಲ, ಲಾಭವನ್ನು ಬಯಸದವರು ಕೊಟ್ಟ ಹಣ.

ಅಸ್ಸಾಮಿನಲ್ಲಿ ಇದಕ್ಕೆ ವಿರುದ್ಧವಾದ ಕೆಲಸವೊಂದು ನಡೆಯಿತು. 2021ರ ಸೆಪ್ಟೆಂಬರ್ 22ರಂದು ಕಾಜಿರಂಗದ ಸಮೀಪದ ಬೋಕಾಖಾತ್‌ನಲ್ಲಿ, ಸರ್ಕಾರಿ ಖಜಾನೆಗಳಲ್ಲಿ ದಶಕಗಳಿಂದ ಕೂಡಿದ್ದ 2,479 ಕೊಂಬುಗಳನ್ನು ಬಹಿರಂಗವಾಗಿ ಸುಟ್ಟರು. ಕಳ್ಳಪೇಟೆಯ ದರದಲ್ಲಿ ಗುಣಿಸಿದರೆ ಅದು ದೊಡ್ಡ ಐಶ್ವರ್ಯ. ಕೊಂಬಿಗೆ ಬೆಲೆಯೇ ಇಲ್ಲವೆಂದು ಸಾರಲು ಅದನ್ನು ಬೂದಿಮಾಡಿದರು. ಕಾಜಿರಂಗದ ಕಾವಲಿನಲ್ಲಿ ಬಂದೂಕು ಇಲ್ಲವೆಂದಲ್ಲ, ಅಲ್ಲಿ ಹಿಂಸೆ ನಡೆದಿಲ್ಲವೆಂದೂ ಅಲ್ಲ. ಆದರೂ 2022ರ ಗಣತಿಯಲ್ಲಿ ಅಲ್ಲಿ 2,613 ಖಡ್ಗಮೃಗಗಳು ಕಂಡುಬಂದವು. ಅವುಗಳಲ್ಲಿ ಒಂದೂ ಯಾರ ಖಾತೆಯ ಸ್ವತ್ತೂ ಅಲ್ಲ.

ಹಾಗಾದರೆ ಖಾಸಗಿಯವರು ಮಾಡುವುದಕ್ಕೆ ಏನೂ ಇಲ್ಲವೇ? ಇದೆ, ಅದರ ಉದಾಹರಣೆ ನಮ್ಮ ಕೊಡಗಿನಲ್ಲಿಯೇ ಇದೆ. 1991ರಲ್ಲಿ ಅನಿಲ್ ಮಲ್ಹೋತ್ರಾ ಮತ್ತು ಪಮೇಲಾ ಮಲ್ಹೋತ್ರಾ ದಂಪತಿಗಳು ದಕ್ಷಿಣ ಕೊಡಗಿನಲ್ಲಿ 55 ಎಕರೆ ಕೊಂಡು, ಮುಂದೆ ಸುತ್ತಮುತ್ತ ಸಾಗುವಳಿ ಬಿಟ್ಟ ಜಮೀನುಗಳನ್ನೂ ಸೇರಿಸಿಕೊಳ್ಳುತ್ತ ಸುಮಾರು 300 ಎಕರೆಯಷ್ಟು ಭೂಮಿಯನ್ನು ಕಾಡಿಗೆ ಬಿಟ್ಟುಕೊಟ್ಟರು. 'ಸಾಯಿ ಅಭಯಾರಣ್ಯ' ಎಂದು ಅದು ಹೆಸರಾಯಿತು. 2021ರಲ್ಲಿ ಅನಿಲ್ ಅವರು ತೀರಿಕೊಂಡರು. ಅವರು ಯಾವ ಪ್ರಾಣಿಯನ್ನೂ ಕೊಂಡು ತರಲಿಲ್ಲ. ಮರಗಳು ಮರಳಿ ಬೆಳೆದ ಮೇಲೆ ಆನೆಗಳು ತಾವಾಗಿ ಬಂದವು, ತಾವಾಗಿ ಹೋದವು. ಕಾಗದಪತ್ರದ ದೃಷ್ಟಿಯಿಂದ ಥುಲಾ ಥುಲಾ ಖಾಸಗಿ, ಇದೂ ಖಾಸಗಿ. ಆದರೆ ಇಲ್ಲಿ ದಂಪತಿಗಳ ಹೆಸರಿಗಿದ್ದದ್ದು ನೆಲ ಮಾತ್ರ.

ತತ್ತ್ವಾರ್ಥಸೂತ್ರವು ದಾನವನ್ನು ವಿವರಿಸುವಾಗ, ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದೆಂದು ಹೇಳುತ್ತದೆ. ಪರಿಗ್ರಹವನ್ನು ವಿವರಿಸುವಾಗ ವಸ್ತುವನ್ನು ಹೇಳದೆ, ವಸ್ತುವಿನ ಮೇಲಿನ ಮೂರ್ಛೆಯನ್ನು ಹೇಳುತ್ತದೆ. ಈ ಎರಡು ಮಾತುಗಳನ್ನು ಹಿಡಿದು ನೋಡಿದರೆ ನಮ್ಮ ಪ್ರಶ್ನೆ ಸ್ಪಷ್ಟವಾಗುತ್ತದೆ. ಬೇಲಿಯೊಳಗೆ ಪ್ರಾಣಿಯನ್ನು ತಂದಿಟ್ಟು, ನೋಡಲು ಟಿಕೇಟನ್ನಿಟ್ಟು, ಬಾಗಿಲ ಮೇಲೆ ನಮ್ಮ ಹೆಸರನ್ನು ಬರೆಸಿದಾಗ ನಾವು ಬಿಟ್ಟುಕೊಟ್ಟದ್ದು ಯಾವುದು? ಹೊಸದಾಗಿ ಒಂದು ಸ್ವತ್ತನ್ನು ಸಂಪಾದಿಸಿದೆವಷ್ಟೆ. ಪುಸ್ತಕದ ಶೀರ್ಷಿಕೆಯಲ್ಲಿರುವ 'ನನ್ನ' ಎಂಬ ಪದವೂ ನನ್ನನ್ನು ತಡೆದು ನಿಲ್ಲಿಸಿತು. ಆದರೆ ಲೇಖಕಿಗೆ ಅನ್ಯಾಯವಾಗಬಾರದು. ಮರಿಗಳು ಸತ್ತ ಮೇಲೆ ಅವರು ಕೈಚೆಲ್ಲಲಿಲ್ಲ. ಉಳಿದವುಗಳ ರಕ್ಷಣೆಯನ್ನು ಮುಂದುವರಿಸಿದರು. ನಷ್ಟದಲ್ಲಿಯೂ ನಿಂತ ಪ್ರೀತಿಯನ್ನು ಮೂರ್ಛೆ ಎನ್ನಲು ನನಗೆ ಧೈರ್ಯವಿಲ್ಲ. ಅವರ ಪ್ರೀತಿಯನ್ನೂ ಹ್ಯೂಮ್ ಅವರ ಲೆಕ್ಕವನ್ನೂ ಬೇರ್ಪಡಿಸಿ ನೋಡುವ ಅಳತೆಗೋಲನ್ನು ಪುಸ್ತಕವು ವಾಚಕನ ಕೈಗೆ ಕೊಡುವುದಿಲ್ಲ ಎಂಬುದೇ ನನ್ನ ಆಕ್ಷೇಪ.

ಇನ್ನು ನಮ್ಮ ಊರಿನ ಕಡೆಗೆ ಬರುತ್ತೇನೆ. ಮರಳಿಯ ಸುತ್ತ ತುಂಗಭದ್ರೆಯ ಕಾಲುವೆಯ ನೀರಿನಿಂದ ಭತ್ತ ಬೆಳೆಯುತ್ತದೆ. ಆದರೆ ಕಾಲುವೆಯ ಮೇಲ್ಭಾಗದ ಗುಡ್ಡಗಳು ಇಂದಿಗೂ ಕುರುಚಲು ಕಾಡು. ಗಂಗಾವತಿ ಸೀಮೆಯ ಬಂಕಾಪುರದಲ್ಲಿ 332.68 ಹೆಕ್ಟೇರು ಪ್ರದೇಶವನ್ನು ತೋಳಧಾಮವನ್ನಾಗಿ ಮಾಡಿದ್ದಾರೆ. ಕರ್ನಾಟಕದಲ್ಲಿ ಇಂಥದು ಇದೇ ಮೊದಲನೆಯದು. (ಗುಣಭದ್ರಾಚಾರ್ಯರ ಉತ್ತರಪುರಾಣದೊಡನೆ ಹೆಸರು ಬೆಸೆದಿರುವ ಬಂಕಾಪುರ ಹಾವೇರಿ ಜಿಲ್ಲೆಯದು, ಇದು ಬೇರೆ.) 2025ರ ಮೇ ತಿಂಗಳಲ್ಲಿ ಅಲ್ಲಿಯ ತೋಳವೊಂದು ಎಂಟು ಮರಿಗಳನ್ನು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು.

ತೋಳವನ್ನು ನೋಡಲು ಯಾತ್ರಿಕರು ಟಿಕೇಟು ಕೊಳ್ಳುವುದಿಲ್ಲ. ಅದರ ಹೆಸರಿನಲ್ಲಿ ವನ ಮಾಡಿಸಲು ಯಾವ ದಾನಿಯೂ ಮುಂದೆ ಬಂದಿಲ್ಲ. ಮಾಂಸಾಹಾರಿ ಪ್ರಾಣಿಗೆ ಅಭಯ ಕೊಟ್ಟರೆ ಅದು ಕೊಲ್ಲುವ ಕುರಿಯ ಪಾಪ ನಮಗೆ ಬಾರದೆ ಎಂದು ಕೇಳುವವರಿದ್ದಾರೆ. ಭಗವಾನ್ ಮಹಾವೀರರ ಜೀವವೇ ಹಿಂದೊಂದು ಭವದಲ್ಲಿ ಸಿಂಹವಾಗಿ, ಚಾರಣಮುನಿಗಳ ಉಪದೇಶದಿಂದ ಉಪಶಾಂತವಾಯಿತೆಂಬ ಕಥೆಯನ್ನು ಅಂಥವರು ನೆನೆಯಲಿ. ಮುನಿಗಳು ಆ ಸಿಂಹವನ್ನು ಕೊಲ್ಲಿಸಲಿಲ್ಲ.

ಇಲ್ಲಿ ನನ್ನದೇ ಒಂದು ಹಳೆಯ ಲೆಕ್ಕವನ್ನು ಒಪ್ಪಿಸಬೇಕು. ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಖರಕರ್ಮಗಳಲ್ಲಿ ದಂತವಾಣಿಜ್ಯವೂ ವಿಷವಾಣಿಜ್ಯವೂ ಸೇರಿವೆ. ಪ್ರಾಣಿಯ ಅಂಗವನ್ನು ಮಾರುವ ದಂತವಾಣಿಜ್ಯದ ಮಾತು ಬಂದಾಗ ಆಫ್ರಿಕದ ಉದ್ಯಮಿಯ ಕಡೆಗೆ ಬೆರಳು ತೋರಿಸುವುದು ಸುಲಭ. ನಾನು ಮಾಡಿದ್ದು ಎರಡನೆಯದು. 1985ರ ಸುಮಾರಿನಲ್ಲಿ ನಮ್ಮ ಅಂಗಡಿಯಲ್ಲಿ ಗೊಬ್ಬರದ ಜೊತೆಗೆ ಬೆಳೆಗೆ ಹೊಡೆಯುವ ಎಣ್ಣೆಯನ್ನೂ ಮಾರುತ್ತಿದ್ದೆವು. ಗುಡ್ಡದ ಕಡೆಯ ಕುರಿಗಾರನೊಬ್ಬ ಬಂದು, "ಸಾವ್ಕಾರ್ರ, ತ್ವಾಳ ಮೂರು ಮರಿ ಒಯ್ತುರಿ. ಛಲೋ ಜಬರ್ದಸ್ತ್ ಎಣ್ಣಿ ಕೊಡ್ರಿ" ಎಂದನು. ಅವನಿಗೆ ಹೊಲವಿರಲಿಲ್ಲ. ಆ ಎಣ್ಣೆಯನ್ನು ಅವನು ಏನು ಮಾಡುವನೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಡಬ್ಬಿ ಕೊಟ್ಟೆ, ಹಣ ಎಣಿಸಿಕೊಂಡೆ, ಕೀರ್ದಿಯಲ್ಲಿ ಬರೆದೆ. ತೋಳ ಸತ್ತಿತೋ ಇಲ್ಲವೋ ತಿಳಿಯದು. ವಿಷ ಹಾಕಿದ ಕಳೇಬರವನ್ನು ತಿಂದು ಅವನ ಎರಡು ನಾಯಿಗಳು ಸತ್ತವೆಂದು ಮುಂದಿನ ಸಂತೆಯಲ್ಲಿ ಅವನೇ ಹೇಳಿದನು.

ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂದು ಹಿಂಸೆಗೆ ಮೂರು ದಾರಿಗಳು. ನಾನು ಮಾಡಲಿಲ್ಲ ಎಂದು ಹಲವು ವರ್ಷ ಸಮಾಧಾನ ಹೇಳಿಕೊಂಡೆ. ಮುಂದೆ ಅಂಗಡಿಯಲ್ಲಿ ಆ ಮಾಲನ್ನು ಇಡುವುದನ್ನು ಬಿಟ್ಟೆ. ಆದರೆ ಬಿಟ್ಟದ್ದರಿಂದ ಹಳೆಯ ಬಾಕಿ ತೀರಲಿಲ್ಲ. ಈ ಪುಸ್ತಕವನ್ನು ಓದುವಾಗ ನನಗೆ ಹೊಳೆದದ್ದು ಇಷ್ಟು: ಅಂದು ಆ ಕುರಿಗಾರನಿಗೆ ಮೂರು ಮರಿಗಳ ಬೆಲೆಯನ್ನು ಕೊಟ್ಟು ಕಳುಹಿಸಿದ್ದರೆ ಅದೇ ಅಭಯದಾನವಾಗುತ್ತಿತ್ತು. ಅದಕ್ಕೆ ಬೇಲಿ ಬೇಕಿರಲಿಲ್ಲ, ಹೆಸರಿನ ಫಲಕವೂ ಬೇಕಿರಲಿಲ್ಲ.

ಆದ್ದರಿಂದ ಮುಂದಿನ ಸಭೆಯಲ್ಲಿ ನನ್ನ ಚಪ್ಪಾಳೆಯನ್ನು ಹಿಂದಕ್ಕೆ ಪಡೆದು, ಬೇರೊಂದು ಸೂಚನೆಯನ್ನು ಮಂಡಿಸಬೇಕೆಂದಿದ್ದೇನೆ. ಬೇಲಿಗೆಂದು ಅಂದಾಜು ಮಾಡಿದ ಹಣದ ಒಂದಂಶದಿಂದ ಟ್ರಸ್ಟಿನಲ್ಲಿ 'ಅಭಯ ಖಾತೆ'ಯನ್ನು ತೆರೆಯಬೇಕು. ಕಾಡುಪ್ರಾಣಿ ಹಿಡಿದ ಜಾನುವಾರಿಗೆ ಸರ್ಕಾರದ ಪರಿಹಾರ ಇದೆ. ಆದರೆ ತೋಳವು ಮರಿಯನ್ನು ಕಚ್ಚಿಕೊಂಡು ಹೋದರೆ ಪಂಚನಾಮೆಗೆ ತೋರಿಸಲು ಕಳೇಬರವೇ ಉಳಿಯುವುದಿಲ್ಲ. ಅಂಥ ಕುರಿಗಾರನಿಗೆ, ಊರಿನ ಹಿರಿಯರಿಬ್ಬರ ಮಾತಿನ ಮೇಲೆ, ಅದೇ ವಾರದಲ್ಲಿ ಮರಿಯ ಬೆಲೆಯನ್ನು ಈ ಖಾತೆಯಿಂದ ಸಲ್ಲಿಸಬೇಕು. ವಿಷಕ್ಕೆ ಕೈಹಾಕುವುದು ನಷ್ಟವಾದ ಮೊದಲ ದಿನಗಳ ಸಿಟ್ಟಿನಲ್ಲಿ. ಆರು ತಿಂಗಳ ನಂತರ ಬರುವ ಹಣದಿಂದ ತೋಳ ಉಳಿಯುವುದಿಲ್ಲ. ಮರಡಿ ಭೂಮಿಯನ್ನು ಬೇಲಿಯಿಲ್ಲದೆ, ಮರ ಕಡಿಯದೆ, ಕೊಡಗಿನ ಆ ದಂಪತಿಗಳು ಮಾಡಿದಂತೆ ಸುಮ್ಮನೆ ಬಿಡಬೇಕು. ಬರುವ ಜೀವ ಬರಲಿ, ಹೋಗುವ ಜೀವ ಹೋಗಲಿ.

ಇದಕ್ಕೆ ಒಂದು ಆಕ್ಷೇಪ ಬರುವುದೆಂದು ಬಲ್ಲೆ. ಆ ಕುರಿ ಕೊನೆಗೆ ಕಟುಕನ ಪಾಲಾಗುವುದೇ. ಅದರ ಬೆಲೆಯನ್ನು ನಾವು ಕೊಟ್ಟರೆ ಆ ವ್ಯಾಪಾರಕ್ಕೆ ನೆರವಾದಂತಲ್ಲವೇ? ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣವಾದ ಉತ್ತರವಿಲ್ಲ. ಕುರಿಗಾರನ ಜೀವನೋಪಾಯವನ್ನು ನಾವು ಬದಲಿಸಲಾರೆವು; ಆದರೆ ಅವನ ಕೈಯಿಂದ ವಿಷದ ಡಬ್ಬಿಯನ್ನು ತಪ್ಪಿಸಬಲ್ಲೆವು ಎಂಬಷ್ಟು ಮಾತ್ರ ನನಗೆ ತಿಳಿಯುತ್ತದೆ. ಬಲ್ಲ ವಿದ್ವಾಂಸರೂ ತ್ಯಾಗಿಗಳೂ ಇದನ್ನು ಇದೇ ಪತ್ರಿಕೆಯಲ್ಲಿ ಚರ್ಚಿಸಿದರೆ ಉಪಕಾರವಾದೀತು.

ಅಭಯವನದ ಸೂಚನೆಯನ್ನು ತಂದ ದಾನಿಗಳ ಸದ್ಭಾವವನ್ನು ನಾನು ಶಂಕಿಸುತ್ತಿಲ್ಲ. ಅವರಿಗೆ ಈ ಪುಸ್ತಕವನ್ನು ಓದಲು ಕೊಟ್ಟಿದ್ದೇನೆ. ಇಂಗ್ಲಿಷ್ ಬಲ್ಲ ನಮ್ಮ ತರುಣರೂ ಅವಶ್ಯವಾಗಿ ಓದಲಿ. ಓದುವಾಗ ಪ್ರತಿ ಅಧ್ಯಾಯದ ಕೊನೆಗೆ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಲಿ: ಆದಾಯ ನಿಂತ ದಿನವೂ ಈ ಜೀವಕ್ಕೆ ಇಲ್ಲಿ ಅಭಯವಿದೆಯೇ? ಸಭೆ ಒಪ್ಪಲಿ, ಬಿಡಲಿ, ಮೂರು ಮರಿಗಳ ಇಂದಿನ ಬೆಲೆಯನ್ನು ನಾನು ತೆಗೆದಿಟ್ಟಿದ್ದೇನೆ. ಅದು ದಾನವಲ್ಲ, ಹಳೆಯ ಬಾಕಿ; ಖಾತೆಯಲ್ಲಿಯೂ ಹಾಗೆಯೇ ಬರೆಯಬೇಕೆಂದು ಕಾರ್ಯದರ್ಶಿಗಳನ್ನು ಕೇಳಿಕೊಳ್ಳುತ್ತೇನೆ.